ಟಬ್ಬಿನ ನಲ್ಲಿಮೂತಿಯ ವಿಷಯ

ಮಗಳೇ,

ಬಚ್ಚಲಿನ ಗೋಡೆ ಒಡೆಯುವ ಅಗತ್ಯವಿಲ್ಲ. ನಾಳೆ ಬರುವ ಪ್ಲಂಬರ್‌ಗೆ ಫೋನ್ ಮಾಡಿ, ಸುತ್ತಿಗೆ ಬಿಟ್ಟು ಡ್ರಿಲ್ ಮಾತ್ರ ತರಲು ಹೇಳು. ಕಾರಣ ಕೆಳಗಿದೆ.

ಟಬ್ಬಿಗೆ ನೀರು ಬೀಳುವ, ಸಡಿಲಗೊಂಡು ಅಲುಗಾಡುತ್ತಿದ್ದ ನಲ್ಲಿಮೂತಿಯನ್ನು ಬೆಳಿಗ್ಗೆ ನಾನೇ ಬಿಚ್ಚಿ ನೋಡಿದೆ. ಒಳಗಿನ ಪೈಪು ಅಲುಗಾಡದೆ ನಿಂತಿದೆ, ಗೋಡೆಯಲ್ಲಿ ತೇವವಿಲ್ಲ. ಮೂತಿಯ ಅಡಿಯ ಸ್ಕ್ರೂ ಒಂದೇ ಸಡಿಲವಾಗಿತ್ತು. ಬಿಗಿ ಮಾಡಿದ್ದೇನೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಇನ್ನು ಅದನ್ನು ಸಡಿಲಿಸಿದವರು ಯಾರೆಂಬುದು. ನಿನ್ನ ಮಗಳು ಪುಟ್ಟಿ ಅದಕ್ಕೆ ಜೋತುಬಿದ್ದು ಸಡಿಲಿಸಿದಳೆಂದು ಭಾನುವಾರ ಗದರಿದೆ. "ನಾನಲ್ಲ ತಾತ, ನಾನು ಮುಟ್ಟೇ ಇಲ್ಲ" ಎಂದು ಅತ್ತರೂ ನಂಬಲಿಲ್ಲ. ಮೂರು ದಿನದಿಂದ ಅವಳು ನನ್ನ ಕೋಣೆಗೆ ಕಾಲಿಟ್ಟಿಲ್ಲ. ಇಂದು ದುರಸ್ತಿ ಮುಗಿಸಿ, ಸ್ನಾನ ಮಾಡಿ ಏಳುವಾಗ ನೋಡುತ್ತೇನೆ, ನನ್ನ ಬಲಗೈ ತಾನಾಗಿ ಆ ಮೂತಿಯನ್ನೇ ಹಿಡಿದಿದೆ. ಅವಳ ತೂಕ ಹದಿನಾರು ಕಿಲೋ, ನನ್ನದು ಅರವತ್ತನಾಲ್ಕು. ಮಿಕ್ಕ ಲೆಕ್ಕ ನೀನೇ ಮಾಡಿಕೋ.

ಗೋಡೆಗೆ ಒಂದು ಹಿಡಿಕೆ ಹಾಕಿಸೋಣವೆಂದು ಹೋದ ವರ್ಷವೇ ನೀನು ಹೇಳಿದ್ದೆ. "ನಾನೇನು ಮುದುಕನೇ?" ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ. ಆ ಹಿಡಿಕೆ ತರಲು ಈಗ ಅಂಗಡಿಗೆ ಹೊರಟಿದ್ದೇನೆ; ನಾಳೆ ಡ್ರಿಲ್ ಬೇಕಿರುವುದು ಅದಕ್ಕೇ.

ಪುಟ್ಟಿಯನ್ನು ಕರೆತರಲು ಇಂದು ನೀನು ಹೋಗಬೇಡ, ನಾನು ಹೋಗುತ್ತೇನೆ. ಶಾಲೆಯಿಂದ ಮನೆಗೆ ಹನ್ನೆರಡು ನಿಮಿಷದ ದಾರಿ. ತಪ್ಪು ನನ್ನದೆಂದು ಅವಳಿಗೆ ಹೇಳಲು ಅಷ್ಟು ಸಾಕು.

ನಿನ್ನ ಮಾವ