ಗೆರೆ ಎಳೆಯದೆ ಹೋದ ಕ್ಯಾಪ್ಟನರಿಗೆ

ಆಕಾಶಮಾರ್ಗದ ಸಾರಥಿಗಳಾದ ಕ್ಯಾಪ್ಟನ್ ಸಾಹೇಬರಿಗೆ, ಉದ್ಯಾವರದ ಮಧ್ವರಾಜನು ನೆಲದ ಮೇಲೆ ನಿಂತು ಮಾಡುವ ನಮಸ್ಕಾರಗಳು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಮುಖ ಕಂಡವನಲ್ಲ. ಕನ್ನಡ ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ, ಆದರೆ ಗಟ್ಟಿಯಾಗಿ ಓದಲಿಕ್ಕೆ ಹೇಳಿ. ಬಾಲ್ಯದಿಂದ ನಾಟಕದ ಹಲಗೆಯ ಮೇಲೇ ಬೆಳೆದವನು ನಾನು. ಕೊನೆಯ ಬೆಂಚಿನ ಅಜ್ಜಿಗೆ ಕೇಳಿಸದ ಮಾತು ಮಾತೇ ಅಲ್ಲ ಎಂದು ನಂಬಿದವನು. ಪಿಸುದನಿಯಲ್ಲಿ ಬರೆಯಲು ನನ್ನಿಂದಾಗದು.

ಕಳೆದ ಡಿಸೆಂಬರಿನ ಒಂದು ಸಂಜೆ ನೀವು ಗಲ್ಫ್ ಕಡೆಯಿಂದ ಸಮುದ್ರ ದಾಟಿ, ಕಾಪುವಿನ ದೀಪಸ್ತಂಭದ ಮೇಲಾಗಿ, ಕಾರ್ಕಳದ ಬಂಡೆಗಳ ಮೇಲಾಗಿ, ಘಟ್ಟದಾಚೆಗೆ ಹಾರಿಹೋದಿರಿ. ಅಂದು ಎಂದಿಗಿಂತ ಎರಡು ಸಾವಿರ ಅಡಿ ಕೆಳಗೆ ಹಾರಬೇಕೆಂದು ವಿಮಾನ ಕಂಪೆನಿ ನಿಮಗೆ ಹೇಳಿತ್ತು. ಹಾರಿದಿರಿ. ನಿಮ್ಮ ಮಟ್ಟಿಗೆ ಅಂಕ ಅಲ್ಲಿಗೆ ಮುಗಿಯಿತು. ಕೆಳಗೆ ನಮ್ಮ ರಂಗದಲ್ಲಿ ಏನು ನಡೆಯಿತೆಂದು ನಿಮಗೆ ಯಾರೂ ಹೇಳಿರಲಾರರು.

ನನ್ನ ತಂಗಿಯ ಮಗಳು ಪ್ರಿಯಂವದಾ ಮಣಿಪಾಲದಲ್ಲಿ ವಾತಾವರಣ ವಿಜ್ಞಾನಿ. ವಿಮಾನ ತನ್ನ ಹಿಂದೆ ಎಳೆಯುವ ಬಿಳಿ ಗೆರೆಯ ಬೆನ್ನು ಹತ್ತಿ ವರ್ಷಗಳನ್ನೇ ಕಳೆದವಳು. ಮೇಲಿನ ಗಾಳಿ ಒಣಗಿದ್ದರೆ ಆ ಗೆರೆ ಕ್ಷಣದಲ್ಲಿ ಮಾಯ. ತಣ್ಣಗೆ, ತೇವವಾಗಿದ್ದರೆ ಮಂಜಿನ ಹರಳಾಗಿ ಉಳಿದು, ಹರಡಿ, ತೆಳ್ಳನೆಯ ಮೋಡವಾಗುತ್ತದೆ. ರಾತ್ರಿ ನೆಲದ ಶಾಖ ಮೇಲೇರಿ ಹೋಗದಂತೆ ತಡೆಯುತ್ತದೆ. ಬಣ್ಣ ಹಚ್ಚುವ ಕೋಣೆಗೆ ತಾಡಪಾಲು ಹೊದಿಸಿದರೆ ಒಳಗಿನ ನಟರು ಬೇಯುವುದಿಲ್ಲವೇ, ಹಾಗೆ.

ಇದನ್ನು ಅವಳು ನಮ್ಮ ನಾಟಕ ತಂಡದ ಮುಂದೆ ವಿವರಿಸಿದಾಗ, ನಮ್ಮ ಧ್ವನಿ-ಬೆಳಕಿನ ಯಜಮಾನ, ಕಾಪುವಿನ ಕುಂಞಿ ಮೊಹಮ್ಮದ್, ತಲೆ ಕೆರೆದುಕೊಂಡ. "ಎಂತ ಮಗಳೇ, ವಿಮಾನ ನಿಲ್ಲಿಸಲಿಕ್ಕೆ ಹೊರಟಿದ್ದೀಯಾ? ನನ್ನ ಮಗಳು ರಶೀದಾ ಶಾರ್ಜಾದಿಂದ ಇನ್ನು ಹಾಯಿ ದೋಣಿಯಲ್ಲಿ ಬರಬೇಕಾ?"

"ನಿಲ್ಲಿಸುವುದು ಬೇಡ ಕಾಕಾ. ಹೊಗೆಯ ಲೆಕ್ಕ ಬೇರೆ ಉಂಟು, ಅದಕ್ಕೆ ಬೇರೆ ಮದ್ದು ಬೇಕು. ಈ ಗೆರೆಗೆ ಮಾತ್ರ ಸುಲಭ ಉಪಾಯ ಉಂಟು. ತೇವದ ಪದರ ಎಲ್ಲಿದೆ ಎಂದು ಮೊದಲೇ ಹೇಳಿದರೆ ಪೈಲಟ್ ಸ್ವಲ್ಪ ಕೆಳಗೆ ಹೋದರಾಯಿತು."

"ಅಷ್ಟೇಯಾ? ನಮ್ಮ ಬಸ್ಸಿನವರು ಹೊಂಡ ತಪ್ಪಿಸಿದ ಹಾಗೆ."

"ಅಷ್ಟೇ. ಆದರೆ ಹೊಂಡ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ."

ಕಾಣದ ಆ ಹೊಂಡವನ್ನು ಅವಳು ಮೊದಲೇ ಹೇಳಬಲ್ಲಳೇ? ಕಂಪೆನಿಯ ದೊಡ್ಡವರಿಗೆ ಅನುಮಾನ. ಎಷ್ಟೋ ಸಲ ಓಡಾಡಿದ ಮೇಲೆ ಕೊಟ್ಟದ್ದು ಒಂದೇ ವಿಮಾನ, ಒಂದೇ ಸಂಜೆ. ಅದು ನಿಮ್ಮದು. ನಿಮಗಿಂತ ತುಸು ಮುಂಚೆ ಇನ್ನೊಂದು ವಿಮಾನ ಎಂದಿನ ಎತ್ತರದಲ್ಲಿ ಅದೇ ದಾರಿಯಲ್ಲಿ ಹೋಗುವುದಿತ್ತು. ಅದು ಗೆರೆ ಎಳೆದು, ನೀವು ಎಳೆಯದಿದ್ದರೆ ಅವಳ ಮಾತು ಗೆದ್ದಂತೆ. ನೀವೂ ಎಳೆದರೆ ಅವಳ ಇಷ್ಟು ವರ್ಷದ ದುಡಿಮೆಗೆ ಮಂಗಳಾರತಿ.

ಸಾಕ್ಷಿಗೆ ಮೂರು ಕಡೆಯಿಂದ ಫೋಟೋ ಬೇಕಿತ್ತು. ಮಣಿಪಾಲದ ಮಹಡಿಗೆ ಅವಳ ವಿದ್ಯಾರ್ಥಿನಿ ಶರ್ಮಿಳಾ. ಕಾಪುವಿನ ಕಡಲತೀರಕ್ಕೆ ನಾನು, ಕುಂಞಿ, ಅವಳು. ತೇವ ಅತಿ ದಟ್ಟವಾಗಿದ್ದದ್ದು ಕಾರ್ಕಳದ ಮೇಲೆ, ಆದ್ದರಿಂದ ಅಲ್ಲಿನ ಫೋಟೋವೇ ಮುಖ್ಯ. ಅಲ್ಲಿಗೆ ನಮ್ಮ ತಂಡದ ಎಡ್ಮಂಡ್. ಅವಳು ತಂಡಕ್ಕೆ ವಿವರಿಸಿದ ದಿನ ಅವನು ಬಂದಿರಲಿಲ್ಲ. ಅವಳ ಕಟ್ಟಾಜ್ಞೆ ಒಂದೇ: "ಮಾವ, ಏನು ಕಾಣಬೇಕು ಎಂದು ಯಾರಿಗೂ ಹೇಳಬಾರದು. ಹೇಳಿದರೆ ಜನರಿಗೆ ಅದೇ ಕಾಣುತ್ತದೆ." ಎರಡು ವಿಮಾನ, ಎರಡರದ್ದೂ ಫೋಟೋ ತೆಗೆ ಎಂದಷ್ಟೇ ಎಡ್ಮಂಡನಿಗೆ ಹೇಳಿದೆ. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಬಾಯಿ ಬೀಗ ಕಂಡಿತು.

ಬೀಗ ಪೂರ್ತಿ ಹಾಕಿರಲಿಲ್ಲವೆನ್ನಿ. ಸಂಜೆ ಸಮುದ್ರದ ಬದಿಗೆ ಬನ್ನಿ, ಒಂದು ವಿಶೇಷ ಉಂಟು ಎಂದು ನಾಲ್ಕು ಜನಕ್ಕೆ ಹೇಳಿದ್ದೆ. ಬಂದದ್ದು ಅರ್ಧ ಕಾಪು. ಚರುಮುರಿಯವನು ಗಾಡಿ ತಿರುಗಿಸಿಕೊಂಡು ಬಂದ. ಪ್ರಿಯಂವದಾ ನನ್ನನ್ನು ದುರುಗುಟ್ಟಿ ನೋಡಿದಳು, ನಾನು ಚರುಮುರಿ ಕೊಳ್ಳಲು ಹೋದೆ.

ಮೊದಲ ವಿಮಾನ ಬಂತು. ಬಾನಿನ ಈ ತುದಿಯಿಂದ ಆ ತುದಿಗೆ ಬಂಗಾರದ ಸರಿಗೆ ಎಳೆದ ಹಾಗೆ ಗೆರೆ. ಜನ ಓಹೋ ಎಂದರು. ಆಮೇಲೆ ನೀವು ಬಂದಿರಿ. ಸೂರ್ಯನಲ್ಲಿ ಮಿನುಗುವ ಒಂದು ಚುಕ್ಕಿ, ಹಿಂದೆ ಏನೂ ಇಲ್ಲ. ಬರೀ ನೀಲಿ.

"ಎಂತ ಮಾರಾಯ ಇದು," ಎಂದ ಕುಂಞಿ. "ಹೀರೋ ಬಂದ, ಡೈಲಾಗೇ ಹೇಳದೆ ಹೋದ."

ಪ್ರಿಯಂವದಾಳ ಮುಖ ಅರಳಿತು. ಶರ್ಮಿಳಾಳ ಫೋಟೋ ಬಂತು: ನಿಮ್ಮ ಹಿಂದೆ ಖಾಲಿ. ನಮ್ಮದೂ ಖಾಲಿ. ಕೊನೆಗೆ ಕಾರ್ಕಳದಿಂದ ಎರಡು ಫೋಟೋ ಬಂದವು. ಎರಡರಲ್ಲೂ ಗೆರೆ. ಎರಡನೆಯದರಲ್ಲಿ ಇನ್ನೂ ದಪ್ಪ, ಇನ್ನೂ ಸ್ಪಷ್ಟ.

ಕ್ಯಾಪ್ಟನರೇ, ರಂಗದ ಮೇಲೆ ಸಾವಿರ ಸಲ ಸತ್ತವನು ನಾನು, ಆದರೆ ಆ ಹುಡುಗಿ ಮೊಬೈಲ್ ಹಿಡಿದು ಮರಳಿನ ಮೇಲೆ ಕುಳಿತ ರೀತಿಯನ್ನು ಅಭಿನಯಿಸಲಾರೆ. "ಕಾರ್ಕಳದಲ್ಲೇ ತಪ್ಪಿತು ಮಾವ," ಎಂದಳು. "ಹಾಗೇ ಬರೆದು ಕಳಿಸುತ್ತೇನೆ. ಬೇರೆ ದಾರಿ ಇಲ್ಲ."

ನಾನು ಎಡ್ಮಂಡನಿಗೆ ಫೋನು ಹಚ್ಚಿದೆ. ಏಕೆಂದರೆ ಎಡ್ಮಂಡ್ ಯಾರೆಂದು ವಿಜ್ಞಾನಕ್ಕೆ ಗೊತ್ತಿಲ್ಲ, ನನಗೆ ಗೊತ್ತು. ನಮ್ಮ ತಂಡದಲ್ಲಿ ಒಂದು ಧರ್ಮವುಂಟು: ರಂಗ ಒಂದು ನಿಮಿಷವೂ ಖಾಲಿ ಇರಕೂಡದು. ನಟ ಬಾರದಿದ್ದರೆ ಇದ್ದವನೇ ಅಂಗಿ ಬದಲಿಸಿ ನುಗ್ಗಬೇಕು. ಮಂತ್ರಿ ಕೈಕೊಟ್ಟ ದಿನ ದೂತನಾಗಿದ್ದ ಎಡ್ಮಂಡ್ ಮೀಸೆ ಅಂಟಿಸಿಕೊಂಡು ಬಂದು ತನಗೇ ತಾನು ಓಲೆ ಕೊಟ್ಟು ನಾಟಕ ಉಳಿಸಿದವನು.

"ಎಡ್ಮಂಡ್, ಎರಡನೇ ಫೋಟೋ ಯಾರದ್ದು?"

"ಮಧ್ವಣ್ಣ, ಎರಡನೆಯವ ಬಂದ, ಆದ್ರೆ ಗೆರೆಯೇ ಬರಲಿಲ್ಲ. ಪಾಪ, ಹುಡುಗಿ ಅಷ್ಟು ಆಸೆಯಲ್ಲಿ ಇದ್ಲಲ್ವಾ. ಖಾಲಿ ಆಕಾಶ ಕಳಿಸ್ಲಿಕ್ಕೆ ಮನಸ್ಸು ಬರಲಿಲ್ಲ. ಮೊದಲನೆಯವನದ್ದೇ ಹತ್ತಿರ ಎಳೆದು, ಸ್ವಲ್ಪ ಓರೆ ಮಾಡಿ ಎರಡನೆಯವನ ಪಾತ್ರಕ್ಕೂ ಹಾಕಿದೆ."

"ಖಾಲಿಯದ್ದು ತೆಗೆದಿದ್ದೀಯಾ?"

"ತೆಗೆದಿದ್ದೇನೆ. ಎಂತ ಮಾಡ್ಲಿಕ್ಕೆ ಅದು?"

"ಕಳಿಸು, ಪುಣ್ಯಾತ್ಮ."

ಬಂತು. ಮೇಲೆ ಮೊದಲನೆಯವನ ಗೆರೆ, ಆಗಲೇ ಅಗಲವಾಗುತ್ತಿತ್ತು. ಅದರ ಕೆಳಗೆ ನಿಮ್ಮ ಚುಕ್ಕಿ. ನಿಮ್ಮ ಹಿಂದೆ ತೊಳೆದಿಟ್ಟಂಥ ಆಕಾಶ. ಮೂರು ಊರಿನಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ಪ್ರಿಯಂವದಾ ಎದ್ದಳು, ಸೀರೆಯ ಮರಳು ಕೊಡವಿದಳು, ಅಳುತ್ತ ನಕ್ಕಳು. ವರದಿಯಲ್ಲಿ ಎಡ್ಮಂಡನ ದ್ವಿಪಾತ್ರವನ್ನೂ ಬಿಡದೆ ಬರೆದಿದ್ದಾಳೆ, ಮೂಲ ಫೋಟೋಗಳ ಸಮೇತ. ಕಂಪೆನಿಯವರು ಓದಿ ನಕ್ಕರಂತೆ, ನಂಬಿದರಂತೆ. ಮಳೆಗಾಲದವರೆಗೆ ಈ ದಾರಿಯ ಸಂಜೆಯ ವಿಮಾನಗಳಿಗೆಲ್ಲ ಅವಳ ಸೂಚನೆ ಕೇಳಿ ಎತ್ತರ ಬದಲಿಸುವುದಾಗಿ ಮೊನ್ನೆ ಒಪ್ಪಿಗೆ ಬಂತು.

ಇನ್ನೊಂದು ಸಂಗತಿ ಉಳಿಯಿತು. ಅಂದು ಬಾಯಿ ಬಿಡಲು ಅಪ್ಪಣೆ ಸಿಕ್ಕಿದ್ದೇ ನಾನು ಬಂಡೆ ಹತ್ತಿ ಜನರಿಗೆ ಕಥೆಯನ್ನೆಲ್ಲ ಸಾರಿದೆ. ಮುಂದೇನೂ ಕಾಣದೆ ಮನೆಗೆ ಹೊರಟಿದ್ದವರು ನಿಂತರು. ತಾವು ನೋಡಿದ್ದು ಏನೆಂದು ಅವರಿಗೆ ಅರಿವಾದಾಗ ಕುಂಞಿ ಮೊಹಮ್ಮದ್ ಪೂರ್ವದ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು, ಚರುಮುರಿಯವನೂ. ಅಷ್ಟು ಹೊತ್ತಿಗೆ ನೀವು ಘಟ್ಟ ದಾಟಿ ಎಷ್ಟು ದೂರವೋ. ಕಲಾವಿದನಿಗೆ ಸಲ್ಲಬೇಕಾದದ್ದು ಗಾಳಿಯಲ್ಲಿ ಕರಗಿಹೋಗಬಾರದು ಕ್ಯಾಪ್ಟನರೇ. ಅದನ್ನು ಈ ಲಕೋಟೆಯಲ್ಲಿ ಕಟ್ಟಿ ಕಳಿಸುತ್ತಿದ್ದೇನೆ. ಸ್ವೀಕರಿಸಬೇಕು.

ನಿಮ್ಮ ದಾರಿಯ ಗಾಳಿ ಒಣಗಿರಲಿ, ನಿಮ್ಮ ಬಾನು ಬರಿದಾಗಿರಲಿ, ನೀವು ಹೊತ್ತು ತರುವ ಮಕ್ಕಳೆಲ್ಲ ನಗುತ್ತಾ ಇಳಿಯಲಿ.

ಕಾಪುವಿನ ಸಮಸ್ತ ಪ್ರೇಕ್ಷಕರ ಪರವಾಗಿ,
ಉದ್ಯಾವರದ ಮಧ್ವರಾಜ