ಉತ್ತರ ಗೋಡೆಯ ಹುಲ್ಲಿನ ಪಿಂಡಿಗಳು

ಡೌಫಿನ್, ಮ್ಯಾನಿಟೋಬಾ
ಡಿಸೆಂಬರ್ 16

ನನ್ನ ಮುದ್ದು ಲೆಸ್ಯಾ,

ಮಧ್ಯಾಹ್ನ ಮೂರು ಗಂಟೆ, ಆಗಲೇ ಬೆಳಕು ಇಳಿಯುತ್ತಿದೆ. ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಹೆಂಗಸರೆಲ್ಲ ಸೇರಿ ಹಬ್ಬಕ್ಕೆ ಪೆರೋಗಿ ಕಡುಬು ಮಡಿಸಿದೆವು. ಮನೆಗೆ ಬಂದ ಮೇಲೆ ವಾಸಿಲ್ ಚಿಕ್ಕಪ್ಪನೊಡನೆ ಜಗಳವಾಯಿತು. ಈಗ ಅಪ್ಪನ ದಪ್ಪ ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಿಟಕಿಗಳೆಲ್ಲ ತೆರೆದಿವೆ. ಫೋನ್ ಮಾಡಬಹುದಿತ್ತು, ಆದರೆ ನನ್ನ ದನಿ ಕೇಳಿದರೆ ನೀನು ಮಗುವನ್ನೆತ್ತಿಕೊಂಡು ಈ ಹಿಮದಲ್ಲೇ ಹೊರಟುಬಿಡುತ್ತೀಯೆ. ಅದಕ್ಕೇ ಕಾಗದ. ನಾನು ಮತ್ತೆ ತಿಳಿಸುವವರೆಗೆ ಮಗುವನ್ನು ಈ ಮನೆಗೆ ಕರೆತರಬೇಡ.

ಮನೆ ಬಿಸಿ ಮಾಡುವ ನೆಲಮಾಳಿಗೆಯ ಹಳೆಯ ಫರ್ನೇಸ್ ಬಿರುಕು ಬಿಟ್ಟಿತೆಂದು ಅಕ್ಟೋಬರ್‌ನಲ್ಲಿ ಹೇಳಿದ್ದೆನಲ್ಲ. ಅರ್ಧ ಊರಿಗೆ ಗ್ಯಾಸ್ ಫರ್ನೇಸ್ ಕೂರಿಸಿಕೊಟ್ಟವರು ನಿನ್ನಪ್ಪ, ತಮ್ಮ ಮನೆಯದನ್ನು ಬದಲಿಸುವ ಮೊದಲೇ ತೀರಿಹೋದರು. ಬೇರೆ ಕೆಲಸಗಾರನನ್ನು ಕರೆಸುತ್ತೇನೆಂದರೆ ವಾಸಿಲ್ ಒಪ್ಪಲಿಲ್ಲ. "ಮೆಟ್ರೋ ಅಣ್ಣನ ಮನೇಲಿ ಯಾವನೋ ಬಂದು ಕೈ ಹಾಕೋದಾ ಅತ್ತಿಗೆ? ಅಷ್ಟು ವರ್ಷ ಅವನ ಪಕ್ಕ ನಿಂತು ಟಾರ್ಚ್ ಹಿಡಿದವನು ನಾನು!" ಎಂದ. ಪರವಾನಗಿ ಬೇಡವೇ ಎಂದೆ. "ನಮ್ಮಣ್ಣನ ಮನೆಗೆ ನಾನು ಬರೋಕೆ ಎಂಥ ಪರವಾನಗಿ?" ಎಂದು ನಕ್ಕ. ಆ ನಗು ನಿನ್ನಪ್ಪನದೇ. ನಾನು ಒಪ್ಪಿಕೊಂಡೆ.

ಕೆಲಸವನ್ನು ಅವನು ಶ್ರದ್ಧೆಯಿಂದಲೇ ಮಾಡಿದ. ಗ್ಯಾಸ್ ಕೊಳವೆಯ ಒಂದೊಂದು ಕೀಲಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದ. ಅಪ್ಪನೂ ಹಾಗೇ ಬಗ್ಗುತ್ತಿದ್ದರು. ಆದರೆ ಅಪ್ಪ, ತಪಾಸಣೆಯವರು ಬಂದು ಚೀಟಿ ಅಂಟಿಸುವವರೆಗೆ ಯಾರ ಮನೆಯ ಫರ್ನೇಸನ್ನೂ ಹೊತ್ತಿಸುತ್ತಿರಲಿಲ್ಲ. ವಾಸಿಲ್ ಅಂದೇ ಹೊತ್ತಿಸಿದ. ಮನೆ ಬೆಚ್ಚಗಾಯಿತು, ಇಬ್ಬರೂ ಅತ್ತೆವು.

ಹಳೆಯದು ಚಿಮಣಿಯಿಂದ ಹೊಗೆ ಬಿಡುತ್ತಿತ್ತು. ಹೊಸದು ಉಸಿರಾಡುವುದು ಉತ್ತರ ಗೋಡೆಯಿಂದ ಹೊರಬಂದ ಎರಡು ಬಿಳಿ ಕೊಳವೆಗಳಲ್ಲಿ. ಅವನ್ನು ಅವನು ನೆಲಮಾಳಿಗೆಯ ಕಿಟಕಿಯ ಪಕ್ಕ, ನೆಲಕ್ಕೆ ಹತ್ತಿರವೇ ಕೂರಿಸಿದ. ನವೆಂಬರ್ ಬಂದಾಗ, ಪ್ರತಿ ವರ್ಷ ಅಪ್ಪ ಮಾಡುತ್ತಿದ್ದಂತೆ, ಗಾಳಿಗೆ ತಡೆಯಾಗಲೆಂದು ಅದೇ ಗೋಡೆಗೆ ಹುಲ್ಲಿನ ಪಿಂಡಿಗಳನ್ನು ಒಟ್ಟಿದ. ಕೊಳವೆಗಳ ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದ, ನಿಜ. ಹಿಮ ಬಿದ್ದು ಅದೂ ತುಂಬಿಕೊಂಡಿತು.

ಫರ್ನೇಸ್ ಮತ್ತೆ ಮತ್ತೆ ತಾನೇ ನಿಂತುಹೋಗತೊಡಗಿತು. ವಾಸಿಲ್ ಬಂದು ಮುಚ್ಚಳ ತೆಗೆದು, "ಹೊಸ ಮದುಮಗಳು ನೋಡು, ಮಾತೆತ್ತಿದ್ರೆ ಮುನಿಸು" ಎನ್ನುತ್ತ ಒಳಗಿನ ಸುರಕ್ಷತೆಯ ಸ್ವಿಚ್ಚಿಗೆ ಒಂದು ತುಂಡು ತಂತಿ ಸಿಕ್ಕಿಸಿ ಹೋದ. ಆಮೇಲೆ ಅದು ನಿಲ್ಲಲಿಲ್ಲ.

ನನಗೆ ತಲೆನೋವು ಶುರುವಾದದ್ದು ಆಗಲೇ. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಅತ್ತು ಅತ್ತು ಹೀಗಾಗಿದೆ ಎಂದುಕೊಂಡೆ. ಇವತ್ತು ಹಾಲ್‌ನಲ್ಲಿ ಹಿಟ್ಟು ಲಟ್ಟಿಸುತ್ತ ಪಕ್ಕದ ಮನೆಯ ಸ್ಟೆಫ್ಕಾ ಕೇಳಿದಳು: "ಮನೇಲಿ ಗಂಡಸಿಲ್ಲ, ನಿಂಗೆ ತಲೆನೋವು ಎಲ್ಲಿಂದ ಬಂತೇ ಒರಿಸ್ಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. "ಇಲ್ಲಿಗೆ ಬಂದ ತಕ್ಷಣ ಬಿಟ್ಟುಹೋಗುತ್ತೆ ಕಣೇ, ಮನೆಗೆ ಹೋದ್ರೆ ಮತ್ತೆ ಹಾಜರ್" ಎಂದೆ. ಹೇಳುತ್ತಿದ್ದಂತೆ ನನ್ನ ಕೈ ನಿಂತಿತು. ಇದೇ ಮಾತನ್ನು ನಿನ್ನಪ್ಪ, ಫರ್ನೇಸಿನ ವಿಷಗಾಳಿ ತುಂಬಿದ್ದ ಒಂದು ಮನೆಯಿಂದ ಬಂದು ಹೇಳಿದ್ದರು. ಆ ಮನೆಯವರು ಯಾರೂ ಉಳಿದಿರಲಿಲ್ಲ.

ಓಡಿ ಬಂದೆ. ನೆಲಮಾಳಿಗೆಯ ಕಿಟಕಿಯ ಗಾಜಿನಲ್ಲಿ ನೀರು ಇಳಿಯುತ್ತಿತ್ತು. ಹೊರಗೆ ಹಿಮದೊಳಗಿನ ಪಿಂಡಿಗಳಿಂದ ಹಬೆ ಏಳುತ್ತಿತ್ತು, ಮನೆ ತನ್ನ ಉಸಿರನ್ನೇ ಮತ್ತೆ ಒಳಗೆಳೆದುಕೊಳ್ಳುತ್ತಿರುವಂತೆ. ಆ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾಸಿನ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿ ಮುಚ್ಚಿದೆ. ಮೇಲೆ ಬಂದಾಗ ನಿನ್ನ ಕೋಣೆ ಕಂಡಿತು. ಹಬ್ಬಕ್ಕೆ ಬರುವ ಮಗುವಿಗೆ ಬೆಚ್ಚಗಿರಲೆಂದು ತೊಟ್ಟಿಲನ್ನು ಬಿಸಿಗಾಳಿ ಬರುವ ಜಾಲರಿಯ ಪಕ್ಕಕ್ಕೇ ಎಳೆದಿಟ್ಟಿದ್ದೆ, ಲೆಸ್ಯಾ. ಮನೆಯ ಕಿಟಕಿಗಳನ್ನೆಲ್ಲ ತೆರೆದೆ.

ಸ್ಟೆಫ್ಕಾಳ ಮನೆಗೆ ಹೋಗಿ ತಪಾಸಣೆಯ ಕಚೇರಿಗೂ ವಾಸಿಲ್‌ಗೂ ಫೋನ್ ಮಾಡಿದೆ. ಅವನು ಬಂದ, ಬಂದವನೇ ಕೂಗಾಡಿದ. "ಒಂದು ಮಾತು ನಂಗೆ ಹೇಳಿದ್ರೆ ಆಗ್ತಿರ್ಲಿಲ್ವಾ? ಸರ್ಕಾರದವರನ್ನ ಕರೆದು ಊರೆಲ್ಲಾ ಮಾನ ಕಳೀಬೇಕಿತ್ತಾ?" ಎಂದ. "ಹಿಮ ಕೆರೆದು ಹಾಕ್ತೀನಿ, ಎಲ್ಲಾ ಸರಿಹೋಗುತ್ತೆ" ಎಂದ. "ಮಗು ಬರುತ್ತೆ ವಾಸಿಲ್" ಎಂದೆ. ಅವನ ದನಿ ಇಳಿಯಿತು. "ಅಷ್ಟಿದ್ರೆ ಗೋಡೆ ಮೇಲಿನ ವಿಷಗಾಳಿ ಅಲಾರಂ ಕೂಗ್ಬೇಕಿತ್ತಲ್ಲ?" ಎಂದು ಕೇಳಿದ. ಹಳೆಯದು, ಕೆಟ್ಟಿರಬೇಕು ಎಂದೆ. ಹೊಸದು ತಂದು ಹಾಕದಿದ್ದುದು ತನ್ನದೇ ತಪ್ಪು ಎಂದು ಅವನು ತಲೆ ತಗ್ಗಿಸಿದ. ಬಾಗಿಲಲ್ಲಿ ತಿರುಗಿ, "ಕ್ರಿಸ್‌ಮಸ್ ಮುನ್ನಾದಿನದ ಊಟಕ್ಕೆ ತೀರಿಕೊಂಡವರಿಗೆ ಒಂದು ತಟ್ಟೆ ಇಡ್ತೀಯಲ್ಲ ಅತ್ತಿಗೆ, ಅಣ್ಣನ ಪಕ್ಕ ನಂದೂ ಒಂದು ಇಟ್ಟುಬಿಡು" ಎಂದು ಹೋದ.

ನಲ್ಲಿಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಸಣ್ಣಗೆ ಬಿಟ್ಟಿದ್ದೇನೆ. ಕತ್ತಲಾಗುವ ಮೊದಲು ಸ್ಟೆಫ್ಕಾಳಲ್ಲಿಗೆ ಮಲಗಲು ಹೋಗುತ್ತೇನೆ. ಮಗುವಿನ ಪಾದಗಳಿಗೆ ನನ್ನ ಮುತ್ತು.

ನಿನ್ನ ಅಮ್ಮ,
ಒರಿಸ್ಯಾ

ಮರೆತ ಮಾತಲ್ಲ, ಬರೆಯಲಾಗದೆ ಬಿಟ್ಟದ್ದು: ಅಲಾರಂ ಕೆಟ್ಟಿರಲಿಲ್ಲ. ಹೋದ ವಾರ ಅದು ಕೂಗಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅಪ್ಪನ ತಲೆಯ ಬಳಿ ಕೂಗುತ್ತಿದ್ದ ಯಂತ್ರದ ದನಿಯೇ ಅದಕ್ಕೆ. ಕೇಳಲಾಗಲಿಲ್ಲ. ಕುರ್ಚಿ ಹತ್ತಿ ಬ್ಯಾಟರಿ ಕಿತ್ತು ಚಮಚಗಳ ಡ್ರಾಯರಿನಲ್ಲಿಟ್ಟೆ. ಈಗ ಮತ್ತೆ ಹಾಕಿದ್ದೇನೆ. ವಾಸಿಲ್‌ಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ತಪಾಸಣೆಯವರು ಬರುತ್ತಾರೆ, ಅವನೂ ಬರುತ್ತಾನೆ.