ಬೇಲಿಯೊಳಗಿನ ಬೆಣ್ಣೆ ಮೆಟ್ಟಿಲು

ನಮ್ಮ ಶಿಲುಬೆಯನ್ನು ನಮ್ಮಿಂದಲೇ ಕಾಪಾಡಲು ಹೊರಟ ಮಾನ್ಯ ಪರಂಪರೆ ಅಧಿಕಾರಿಗಳೇ,

ತಮ್ಮ ಆಳುಗಳು ಇಂದು ಥಾರ್ನ್‌ಬೆಕ್ ಸಂತೆಯ ನಡುವೆ ನಿಂತಿರುವ ಹಳೆಯ ಕಲ್ಲಿನ ಶಿಲುಬೆಗೆ ಕಬ್ಬಿಣದ ಬೇಲಿ ಸುತ್ತಿದರು. ಒಳಗೆ ನಾನೂ ಇದ್ದೇನೆ. ಶಿಲುಬೆಯ ಮೆಟ್ಟಿಲ ಮೇಲೆ ಕೂತು, ಬೆಣ್ಣೆ ಬುಟ್ಟಿಯನ್ನು ಪಕ್ಕಕ್ಕಿಟ್ಟು ಈ ಪತ್ರ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಂದ ಮೇಸ್ತ್ರಿ ಒಳ್ಳೆಯವನೇ. “ಅಮ್ಮಾ, ಸ್ವಲ್ಪ ಎದ್ದೇಳಿ, ಬೇಲಿ ಹಾಕ್ಬೇಕು” ಎಂದ. “ಎದ್ರೆ ನನ್ನ ಜಾಗ ಯಾರ್ ಕೊಡ್ತಾರಪ್ಪಾ?” ಎಂದೆ. “ಅದೆಲ್ಲ ಆಫೀಸಲ್ಲಿ ಕೇಳಿ. ನಂಗೆ ಹಾಕು ಅಂದಿದಾರೆ, ಹಾಕ್ತೀನಿ” ಎಂದು ಹಾಕಿಯೇಬಿಟ್ಟ.

ನಮ್ಮೂರ ಕಟ್ಟಳೆ ತಮಗೆ ತಿಳಿಯದ್ದೇನಲ್ಲ. ಬೆಣ್ಣೆ ಮಾರುವವಳು ಮಂಗಳವಾರದ ಸಂತೆಯಲ್ಲಿ ತನ್ನ ಮೆಟ್ಟಿಲ ಮೇಲೆ ಕೂರಲೇಬೇಕು. ಒಂದೇ ಒಂದು ಸಂತೆಗೆ ಅದು ಖಾಲಿ ಬಿದ್ದರೂ ಹಕ್ಕು ಹೋಯಿತು. ಅದನ್ನು ನಿಯಮಾವಳಿಗೆ ಸೇರಿಸಿದವರು ತಾವೇ, ‘ಅಮೂಲ್ಯ ಸಂಪ್ರದಾಯ’ ಎಂದು ಹೊಗಳಿದವರೂ ತಾವೇ. ಈಗ ತಮ್ಮ ಹೊಸ ನೋಟಿಸಿನ ಪ್ರಕಾರ ಇಲ್ಲಿ ಕೂತರೆ ಅಪರಾಧ, ಎದ್ದರೆ ಹಕ್ಕು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ! ಕೂರಲೂಬಾರದು, ಏಳಲೂಬಾರದು ಎಂದರೆ ಗಾಳಿಯಲ್ಲಿ ತೇಲಬೇಕೇ? ಕಲ್ಲು ಸವೆಯುತ್ತದೆ ಎಂಬುದು ತಮ್ಮ ಕಾರಣ. ಸವೆಸಿದವರು ಯಾರು ಸ್ವಾಮಿ? ನನ್ನ ಅಜ್ಜಿ, ನನ್ನ ಅಮ್ಮ. ಅವರು ಕೂತು ಕೂತು ಬಿದ್ದ ತಗ್ಗಿನಲ್ಲೇ ನಾನು ಕೂತಿರುವುದು. ಮೇಲೆ ಪಾರಿವಾಳಗಳು ಮಾಡುವುದನ್ನು ಮಾಡುತ್ತಲೇ ಇವೆ. ಅವಕ್ಕೆ ಯಾವ ನೋಟಿಸೂ ಬಂದಂತಿಲ್ಲ.

ಎದುರಿನ ಬ್ರೆಡ್ ಅಂಗಡಿಯ ಸಿರಿಲ್ ಬೇಲಿಯ ಸಂದಿಯಿಂದ ಚಹಾ ಕೊಡುತ್ತಾ, “ಏನಮ್ಮಾ ಹಿಲ್ಡಾ, ಪ್ರಾಣಿಗಳಿಗೆ ತಿಂಡಿ ಹಾಕ್ಬೋದಾ, ಇಲ್ಲಾ ಹಾಕ್ಬಾರ್ದು ಅಂತ ಬೋರ್ಡ್ ಇದ್ಯಾ?” ಎಂದ. “ಹಾಕೋ ಮಾರಾಯ, ಕೈ ಕಚ್ಚಿದ್ರೆ ನನ್ ಕೇಳ್ಬೇಡ” ಎಂದೆ. ಸಂತೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ, ನನಗೆ ಭಯವಾಗಿದೆ. ಗಂಡ ತೀರಿಕೊಂಡ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರು ಸಿಗುವುದು ಈ ಮೆಟ್ಟಿಲ ಮುಂದೆ ಮಾತ್ರ. ಉಳಿದ ದಿನ ಮನೆಯಲ್ಲಿ ರೇಡಿಯೋ ಮಾತಾಡುತ್ತದೆ, ನಾನು ಕೇಳುತ್ತೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಈ ಬೇಲಿಗೊಂದು ಬಾಗಿಲಿಡಿಸಿ. ಮಂಗಳವಾರ ಅದು ತೆರೆದಿರಲಿ.

ಸಂತೆ ಮುಗಿದ ಗಂಟೆ ಈಗಷ್ಟೇ ಹೊಡೆಯಿತು. ಸಿರಿಲ್ ಬೇಲಿಯ ಮೇಲಿಂದ ಏಣಿ ಇಳಿಸಿ, “ಹತ್ತು ತಾಯಿ, ಸಾಕು ನಿನ್ ಹಟ” ಎನ್ನುತ್ತಿದ್ದಾನೆ. ಇಂದು ಹತ್ತಿ ಹೊರಬಂದೇನು; ಮುಂದಿನ ಮಂಗಳವಾರ ನನ್ನನ್ನು ಒಳಗೆ ಬಿಡುವವರು ಯಾರು?

ಏಣಿಯನ್ನು ವಾಪಸ್ ಕಳಿಸಿದ್ದೇನೆ. ಬಾಗಿಲಾದ ಮೇಲೆ ನಡೆದೇ ಬರುತ್ತೇನೆ.

ಇಂತಿ,
ಕಲ್ಲಿನ ಜೊತೆಗೆ ತಮ್ಮಿಂದ ಸಂರಕ್ಷಿಸಲ್ಪಟ್ಟಿರುವ
ಹಿಲ್ಡಾ ಥ್ವೇಟ್